ಅಂಗಳಕ್ಕೆ ಕಲ್ಲು ಬರಲಿ, ಮಣ್ಣೂ ಉಳಿಯಲಿ

ಇತ್ತೀಚೆಗೆ ಯಾರದಾದ್ರೂ ಗೃಹಪ್ರವೇಶಕ್ಕೆ ಹೋಗಿದ್ರಾ? ಊಟ ಮುಗಿಸಿ, ತಾಂಬೂಲ ಹಿಡಿದು ಹೊರಗೆ ಬರುವಾಗ ಗೇಟಿನ ಪಕ್ಕ ಒಮ್ಮೆ ಕಣ್ಣು ಹಾಯಿಸಿರ್ತೀರಿ. ಹಾಲಿನಂಥ ಬಿಳಿ ಕಲ್ಲುಗಳ ಹಾಸು, ಮಧ್ಯೆ ಒಂದೆರಡು ಪಾಮ್ ಗಿಡ, ಮೂಲೆಯಲ್ಲೊಂದು ಕಪ್ಪು ಬಂಡೆ, ಅದರ ಪಕ್ಕ ಧ್ಯಾನಕ್ಕೆ ಕೂತ ಬುದ್ಧ. ‘ಅಬ್ಬಾ, ಎಷ್ಟು ನೀಟಾಗಿದೆ! ನಮ್ಮನೇಲೂ ಹೀಗೇ ಮಾಡಿಸ್ಬೇಕು’ ಅಂತ ಅಲ್ಲೇ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡವರಲ್ಲಿ ನಾನೂ ಒಬ್ಬಳು.

ಕಲ್ಲು ಚೆಂದವೇ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸೀರೆ ಆರಿಸುವಾಗ ಸೆರಗು, ಅಂಚು, ಒಗೆದರೆ ಬಣ್ಣ ಬಿಡುತ್ತಾ ಅಂತ ನೂರೆಂಟು ಪ್ರಶ್ನೆ ಕೇಳುವ ನಾವು, ಅಂಗಳಕ್ಕೆ ಹಾಕುವ ಕಲ್ಲಿನ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಆರಿಸುವುದು ಯಜಮಾನರು, ಎಂಜಿನಿಯರು, ನರ್ಸರಿಯವರು. ಗುಡಿಸುವುದು, ತೊಳೆಯುವುದು, ಅದರ ಮೇಲೆ ದಿನಾ ಓಡಾಡುವುದು ಮಾತ್ರ ನಾವು. ಹಾಗಾಗಿ ಈ ಆಯ್ಕೆಯಲ್ಲಿ ನಮ್ಮ ಮಾತೂ ನಡೆಯಬೇಕು ಅನ್ನುವುದು ನನ್ನ ವಾದ. ನಡೆಯಬೇಕಾದರೆ ನಮಗೂ ಒಂದಿಷ್ಟು ತಿಳಿದಿರಬೇಕು, ಅಲ್ವಾ?

ನಮ್ಮನೆಯಲ್ಲಿ ಆದದ್ದು

ನಮ್ಮದು ಮೈಸೂರಿನಲ್ಲಿ ಮೂವತ್ತು-ನಲವತ್ತರ ಸೈಟು. ಮನೆ ಮುಂದೆ ಉಳಿದದ್ದು ಹತ್ತಡಿಗೆ ಹನ್ನೆರಡಡಿ ಜಾಗ. ಅದರಲ್ಲೇ ಒಂದು ದುಂಡುಮಲ್ಲಿಗೆ, ಒಂದು ನಂದಿಬಟ್ಟಲು, ಎರಡು ದಾಸವಾಳ, ಒಂದು ಇಕ್ಸೋರಾ. ಎಲ್ಲ ಅತ್ತೆಯವರು ಹಾಕಿದ್ದು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ದೂಳು ಅಂತ ನಾನೇ ಹಟ ಹಿಡಿದು ಬಿಳಿ ಪೆಬಲ್ಸ್ ಹಾಕಿಸಿದೆ. ಕಳೆ ಬರಬಾರದು ಅಂತ ಕೆಲಸದವರು ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರು. ಗಿಡದ ಬುಡ ಮಾತ್ರ ಬಿಟ್ಟು ಉಳಿದದ್ದೆಲ್ಲ ಮುಚ್ಚಿತು. ಒಟ್ಟು 17 ಮೂಟೆ ಕಲ್ಲು. ಯುಗಾದಿ ಹಬ್ಬಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು.

ವೈಶಾಖದ ಬಿಸಿಲಿಗೆ ಕಲ್ಲು ಕಾದು, ಸಂಜೆ ಏಳಾದರೂ ಬಾಗಿಲು ತೆರೆದರೆ ಒಲೆಯ ಮುಂದೆ ನಿಂತ ಹಾಗೆ ಝಳ. ಮಳೆಗಾಲದ ಹೊತ್ತಿಗೆ ಮಲ್ಲಿಗೆ ಬಾಡಿತು. ಇಕ್ಸೋರಾದ ಎಲೆ ಹಳದಿಯಾಯಿತು. ಬಿಳಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಹಸಿರಾಯಿತು. ಅದನ್ನೆಲ್ಲ ಬಕೆಟ್ಟಿಗೆ ತುಂಬಿ ಉಜ್ಜಿ ತೊಳೆಯುವ ಕೆಲಸ ಯಾರದು ಅಂತ ಬೇರೆ ಹೇಳಬೇಕಿಲ್ಲ.

ಇದೆಲ್ಲ ಹೋಗಲಿ ಅನ್ನಿ. ನನ್ನನ್ನು ಕಾಡಿದ್ದು ಬೇರೆ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹೂವಿನ ಬುಟ್ಟಿ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದ ಅತ್ತೆ ಇಳಿಯುವುದನ್ನೇ ನಿಲ್ಲಿಸಿದರು. ಕೇಳಿದರೆ, ‘ಹೂವಾಡಗಿತ್ತಿ ಹತ್ರ ಒಂದು ಮೊಳ ತಗೊಂಡ್ರಾಯ್ತು ಬಿಡಮ್ಮ’ ಅಂದರು. ದುಡ್ಡು ಖರ್ಚು ಮಾಡಿದೆ ಅಂತ ಮುನಿಸು ಇರಬೇಕು ಅಂದುಕೊಂಡೆ. ನಾನೂ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಬಂದವಳು ನೋಡ್ತೀನಿ, ಅತ್ತೆ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಿದ್ದಾರೆ. ಬರಿಗಾಲನ್ನು ಕಲ್ಲಿನ ಮೇಲೆ ಇಟ್ಟರು, ಮತ್ತೆ ಹಿಂದಕ್ಕೆ ತೆಗೆದರು. ನನ್ನನ್ನು ನೋಡಿ, ‘ಕಾಲಿಗೆ ಆಧಾರ ಸಿಗಲ್ಲ ಕಣಮ್ಮ, ಜರುಗುತ್ತೆ. ಬಿದ್ದರೆ ಕೊನೆಗೆ ನಿನಗೇ ಕಷ್ಟ’ ಅಂದರು.

ಆರು ತಿಂಗಳು ಅವರು ಒಳಗೇ ಕೂತಿದ್ದರು. ನನಗೆ ಗೊತ್ತೇ ಆಗಿರಲಿಲ್ಲ.

ನೋಡುವ ತೋಟ, ಓಡಾಡುವ ಅಂಗಳ

ಈ ಬಿಳಿ ಕಲ್ಲಿನ ತೋಟದ ಕಲ್ಪನೆ ಬಂದಿದ್ದು ಬಹುಪಾಲು ಜಪಾನಿನಿಂದ. ಕ್ಯೋಟೊ ನಗರದ ರ್‍ಯೋಆಂಜಿ ದೇವಾಲಯದ ಕಲ್ಲಿನ ತೋಟ ಲೋಕಪ್ರಸಿದ್ಧ. ಬಿಳಿ ಗರಸಿನ ಹಾಸಿನಲ್ಲಿ 15 ಕಲ್ಲು, ಅವುಗಳ ಸುತ್ತ ಒಂದಿಷ್ಟು ಪಾಚಿ, ಅಷ್ಟೇ. 1994ರಲ್ಲಿ ಕ್ಯೋಟೊದ ಇತರ ಸ್ಮಾರಕಗಳ ಜೊತೆ ಅದೂ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ಅಲ್ಲಿ ಯಾರೂ ಆ ಕಲ್ಲಿನ ಮೇಲೆ ನಡೆದಾಡುವುದಿಲ್ಲ. ಬಂದವರು ಜಗಲಿಯಲ್ಲಿ ಕೂತು ನೋಡಿ ಹೋಗುತ್ತಾರೆ. ಗರಸನ್ನು ಕುಂಟೆಯಿಂದ ಗೀರು ಎಳೆದು ಒಪ್ಪ ಮಾಡುವುದಕ್ಕೇ ಅಲ್ಲಿ ಜನ ಇದ್ದಾರೆ.

ಅದು ನೋಡುವ ತೋಟ. ನಮ್ಮದು ಓಡಾಡುವ ಅಂಗಳ. ಬೆಳಿಗ್ಗೆ ನೀರು ಹಾಕಿ ರಂಗೋಲಿ ಇಡಬೇಕು. ಹೂ ಬಿಡಿಸಬೇಕು, ಅದೂ ಚಪ್ಪಲಿ ಹಾಕದೆ. ತುಳಸಿಗೆ ಸುತ್ತು ಬರಬೇಕು. ಸಂಡಿಗೆ ಒಣಗಿಸಬೇಕು, ಮಕ್ಕಳು ಸೈಕಲ್ ತಿರುಗಿಸಬೇಕು. ಇಷ್ಟೆಲ್ಲ ನಡೆಯುವ ಜಾಗಕ್ಕೆ ಫೋಟೊ ನೋಡಿ ಕಲ್ಲು ಆರಿಸಿದರೆ ನಮ್ಮನೆಯ ಕಥೆಯೇ ಆಗುತ್ತೆ.

ಅದಕ್ಕೇ ಅಂಗಡಿಗೆ ಹೋಗುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಯಾರು ಓಡಾಡ್ತಾರೆ? ಇಲ್ಲಿ ಏನು ಬೆಳೆಯಬೇಕು? ಬಿದ್ದ ಮಳೆನೀರು ಎಲ್ಲಿಗೆ ಹೋಗಬೇಕು? ವಾಸ್ತು ಕೇಳುವವರು ಕೇಳಲಿ, ನನ್ನ ಅಭ್ಯಂತರವಿಲ್ಲ. ಜೊತೆಗೆ ಮಧ್ಯಾಹ್ನದ ಬಿಸಿಲು ಯಾವ ಕಡೆಯಿಂದ ಬೀಳುತ್ತೆ ಅನ್ನುವುದನ್ನೂ ನೋಡಿಕೊಳ್ಳಿ. ಪಡುವಣ ಬಿಸಿಲು ಬೀಳುವ ಕಡೆ ಕಲ್ಲು ಹೆಚ್ಚು ಹಾಕಿದರೆ ಹಗಲು ಕುಡಿದ ಬಿಸಿಯನ್ನು ಅದು ರಾತ್ರಿ ಮನೆಗೇ ಬಿಡುತ್ತೆ.

ನೀರಿನ ಲೆಕ್ಕವನ್ನೂ ಹೇಳಿಬಿಡ್ತೀನಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ನಮ್ಮ 120 ಚದರಡಿಯ ಅಂಗಳದ ಮೇಲೆ ವರ್ಷದಲ್ಲಿ ಎಂಟು-ಒಂಬತ್ತು ಸಾವಿರ ಲೀಟರ್ ನೀರು ಬೀಳುತ್ತೆ. ಪ್ಲಾಸ್ಟಿಕ್ ಹಾಸಿ ಅದರಲ್ಲಿ ಬಹುಪಾಲನ್ನು ನಾನೇ ಚರಂಡಿಗೆ ಕಳಿಸಿದ್ದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರ್‌ಗಾಗಿ ಜನ ಕಾದು ಕೂತಿದ್ದನ್ನು ಮರೆತಿಲ್ಲ ತಾನೇ? ಕಳೆ ತಡೆಯಲೇಬೇಕು ಅನ್ನುವುದಾದರೆ ನೀರು ಇಳಿಯುವ ಬಟ್ಟೆಯಂಥ ಹಾಳೆ ಸಿಗುತ್ತೆ, ಅದನ್ನು ಕೇಳಿ. ಪ್ಲಾಸ್ಟಿಕ್ ಮಾತ್ರ ಖಂಡಿತ ಬೇಡ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಅಂಗಡಿಯಲ್ಲಿ ‘ಬಿಳಿ ಪೆಬಲ್ಸ್’ ಅಂತ ಒಂದೇ ಹೆಸರಿನಲ್ಲಿ ಕೊಡುವುದು ಒಂದೇ ಕಲ್ಲಲ್ಲ. ಕೆಲವು ಅಮೃತಶಿಲೆಯ, ಅಂದರೆ ಮಾರ್ಬಲ್‌ನ ಚೂರುಗಳು. ಯಂತ್ರದ ಡ್ರಮ್ಮಿನಲ್ಲಿ ಉರುಳಿಸಿ ನುಣುಪು ಮಾಡಿರ್ತಾರೆ. ಕೆಲವು ಬೆಣಚುಕಲ್ಲು. ನೋಡಲು ಅಕ್ಕ-ತಂಗಿಯರ ಹಾಗೆ ಇದ್ದರೂ ಗುಣ ಬೇರೆ ಬೇರೆ.

ಮಾರ್ಬಲ್ ಎಂದರೆ ಸುಣ್ಣದ ವಂಶ. ಮಳೆಗೆ ಸ್ವಲ್ಪ ಸ್ವಲ್ಪವೇ ಕರಗಿ ಮಣ್ಣಿಗೆ ಕ್ಷಾರದ ಗುಣ ಕೊಡುತ್ತೆ. ಇಕ್ಸೋರಾ (ಕರಾವಳಿಯವರ ಕೇಪಳ), ಗಂಧರಾಜ, ದಾಸವಾಳದಂಥ ಗಿಡಗಳಿಗೆ ತುಸು ಹುಳಿಯಾದ ಮಣ್ಣೇ ಇಷ್ಟ. ಕ್ಷಾರ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ನರ ಹಸಿರಾಗೇ ಉಳಿದು ಎಲೆ ಹಳದಿಯಾಗುತ್ತೆ. ನಮ್ಮ ಇಕ್ಸೋರಾದ ಎಲೆ ಥೇಟ್ ಹಾಗೇ ಆಗಿತ್ತು. ಗೊಬ್ಬರ ಸಾಲದು ಅಂತ ನಾನು ಎರಡು ಸಲ ಗೊಬ್ಬರ ಹಾಕಿದ್ದೆ!

ಕಂಡುಹಿಡಿಯುವುದು ಸುಲಭ. ಅಡುಗೆಮನೆಯ ನಿಂಬೆಹಣ್ಣು ಸಾಕು. ಕಲ್ಲನ್ನು ಚೂರಿಯಿಂದ ಕೆರೆದು, ಉದುರಿದ ಪುಡಿಯ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸಣ್ಣಗೆ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲು. ಬೆಣಚುಕಲ್ಲಾದರೆ ಚೂರಿಗೆ ಪುಡಿಯೇ ಏಳುವುದಿಲ್ಲ. ಹಳೇ ಗಾಜಿನ ಚೂರಿನ ಮೇಲೆ ಗೀಚಿದರೆ ಅದೇ ಗಾಜಿನ ಮೇಲೆ ಗೆರೆ ಎಳೆಯುತ್ತೆ. ಮಾರ್ಬಲ್‌ಗೆ ಆ ಶಕ್ತಿ ಇಲ್ಲ.

ಬಣ್ಣಬಣ್ಣದ ಕಲ್ಲುಗಳ ಬಗ್ಗೆಯೂ ಹುಷಾರು. ಗಿಳಿಹಸಿರು, ನೀಲಿ, ಗುಲಾಬಿ ಅಂತ ಬಳೆ ಅಂಗಡಿ ಥರ ಮಿಂಚುವವು ಬಹುಮಟ್ಟಿಗೆ ಬಣ್ಣ ಹಾಕಿದವು. ಬಿಸಿಲಿಗೆ ಮಂಕಾಗುತ್ತವೆ. ನಾಲ್ಕು ಕಲ್ಲು ತಂದು ರಾತ್ರಿಯಿಡೀ ಸ್ಟೀಲ್ ಬಟ್ಟಲಿನ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ. ಕಲ್ಲಿನ ಹೊಳಪಿಗೂ ಮರುಳಾಗಬೇಡಿ. ಮೇಣ ಅಥವಾ ಎಣ್ಣೆ ಸವರಿದ್ದರೆ ಅಂಗಡಿಯಲ್ಲಿ ಕಂಡ ಕಪ್ಪು ಮನೆಗೆ ಬಂದ ಮೇಲೆ ಬೂದಿಯಾಗುತ್ತೆ. ಯಾವ ಕಲ್ಲನ್ನೇ ಆಗಲಿ ಒದ್ದೆಯಾಗಿದ್ದಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ನೋಡಿಯೇ ಒಪ್ಪಿಕೊಳ್ಳಿ.

ನಮ್ಮೂರ ಕಲ್ಲೇ ಚೆಂದ

ಕಲ್ಲಿಗೆ ಬಡತನವಿಲ್ಲದ ನಾಡು ನಮ್ಮದು. ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದಾಗ ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿರ್ತೀರಿ. ಸುಮಾರು 300 ಕೋಟಿ ವರ್ಷ ಹಳೆಯದು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿತು. ಇಂಥ ನೆಲದಲ್ಲಿ ಕೂತು ದೂರದ ಊರಿನ ಕಲ್ಲನ್ನು ಮೂಟೆ ಲೆಕ್ಕದಲ್ಲಿ ಕೊಳ್ಳುವುದು ತೆಂಗಿನ ತೋಟದವರು ಕಾಯಿ ಕೊಂಡ ಹಾಗೆ.

ಹಳೇ ಮೈಸೂರು ಸೀಮೆಯವರಿಗೆ ಚಪ್ಪಡಿ ಕಲ್ಲಿದೆ. ದೇವನಹಳ್ಳಿ ಕಡೆಯ ಸಾದರಹಳ್ಳಿಯ ಬೂದುಬಣ್ಣದ ಕಲ್ಲಂತೂ ನೆಲಕ್ಕೂ ಶಿಲ್ಪಕ್ಕೂ ಹೆಸರಾದದ್ದು. ಬಿಸಿಲು-ಮಳೆಗೆ ಜಗ್ಗುವುದಿಲ್ಲ, ಮಣ್ಣಿನ ಗುಣ ಕೆಡಿಸುವುದಿಲ್ಲ. ಆದರೆ ಪಾಲಿಷ್ ಮಾಡಿದ್ದು ಬೇಡ, ನೀರು ಬಿದ್ದರೆ ಜಾರುತ್ತೆ. ಉಳಿಯ ಪೆಟ್ಟಿನ ತರಿ ಇರುವುದನ್ನೋ ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ್ದನ್ನೋ ಕೇಳಿ.

ಬಾಗಲಕೋಟೆ ಕಡೆಯವರಿಗೆ ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿ ಸುತ್ತಿನ ಮರಳುಗಲ್ಲಿನ ಬಣ್ಣ ಇದೆ. ಹಸಿರು ಗಿಡದ ಪಕ್ಕ ಆ ಕೆಂಪು ಎಷ್ಟು ಒಪ್ಪುತ್ತೆ ಅಂತೀರಿ! ಕಲಬುರ್ಗಿ ಕಡೆಯವರಿಗೆ ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು ಅನ್ನುವುದು ನೆನಪಿರಲಿ. ಕಾಲುದಾರಿಗೆ ಬಹಳ ಒಳ್ಳೆಯದು, ಅದರ ಚೂರನ್ನು ಇಕ್ಸೋರಾ ಬುಡಕ್ಕೆ ಸುರಿಯಬೇಡಿ. ಆಂಧ್ರದ ಕಡಪಾ ಕಲ್ಲೂ ಇದೇ ಜಾತಿ. ಅಡುಗೆಮನೆಯ ಕಡಪಾ ಕಟ್ಟೆಯ ಮೇಲೆ ಹುಣಸೆ ರಸ ಚೆಲ್ಲಿ ಕಲೆಯಾದದ್ದು ನಿಮಗೆ ಗೊತ್ತೇ ಇರುತ್ತೆ.

ಕರಾವಳಿ, ಮಲೆನಾಡಿನವರಿಗೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಇದೆ. ಅದರ ತೂತುಗಳಲ್ಲಿ ನೀರು ನಿಂತು ಪಾಚಿ, ಜರಿಗಿಡ ತಾವಾಗೇ ಹುಟ್ಟಿಕೊಳ್ಳುತ್ತವೆ. ಕೆರೆಕಟ್ಟೆಯಂತೆ ಪಾತಿಗೆ ಅಂಚು ಕಟ್ಟಲು ಅದಕ್ಕಿಂತ ಚೆಂದದ್ದಿಲ್ಲ. ನಡೆಯುವ ದಾರಿಗೆ ಮಾತ್ರ ಬೇಡ, ಅದೇ ಪಾಚಿ ಮಳೆಗಾಲದಲ್ಲಿ ಕಾಲು ಜಾರಿಸುತ್ತೆ.

ಇನ್ನೊಂದು ಕಲ್ಲಿದೆ, ಅದಕ್ಕೆ ದುಡ್ಡೇ ಕೊಡಬೇಕಿಲ್ಲ. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಹಿತ್ತಿಲು ಸೇರಿದ ಒರಳುಕಲ್ಲು, ಬೀಸೋ ಕಲ್ಲು, ಒಗೆಯೋ ಕಲ್ಲು, ದನಕ್ಕೆ ನೀರಿಡುತ್ತಿದ್ದ ಕಲ್ಲುಬಾನಿ. ಒರಳಿನಲ್ಲಿ ನೀರು ತುಂಬಿಟ್ಟರೆ ಗುಬ್ಬಿ, ಪಿಕಳಾರ ಬಂದು ಕುಡೀತಾವೆ. ಬೀಸೋ ಕಲ್ಲಿನ ಎರಡು ಬಿಲ್ಲೆಗಳನ್ನು ಹೆಜ್ಜೆಗಲ್ಲಾಗಿ ಇಡಬಹುದು. ಕಲ್ಲುಬಾನಿಯಲ್ಲಿ ತಾವರೆ ಬೆಳೆಸಬಹುದು. ಚಂಡೀಗಢದ ರಾಕ್ ಗಾರ್ಡನ್ ಕೇಳಿರ್ತೀರಿ. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್‌ಚಂದ್ ಅವರು 1957ರಿಂದ ಯಾರಿಗೂ ಹೇಳದೆ ಕಲ್ಲು, ಒಡೆದ ಪಿಂಗಾಣಿ, ಮುರಿದ ಬಳೆ ಕೂಡಿಸಿ ಕಟ್ಟಿದ ತೋಟ ಅದು. 1976ರಲ್ಲಿ ಜನರಿಗೆ ತೆರೆಯಿತು. ಊರು ಬಿಸಾಡಿದ್ದರಿಂದಲೇ ಅಷ್ಟು ದೊಡ್ಡ ತೋಟ ಆಗುವುದಾದರೆ, ಅಜ್ಜಿಯ ಒರಳುಕಲ್ಲಿಗೆ ನಮ್ಮ ಅಂಗಳದಲ್ಲಿ ಒಂದು ಮೂಲೆ ಸಿಗಬಾರದೇ?

ಈ ಕಲ್ಲುಗಳನ್ನು ಬಿಟ್ಟುಬಿಡಿ

ಟೂರ್ ಹೋದಾಗ ಹೊಳೆಯಲ್ಲಿ ಕಂಡ ಉರುಟುಕಲ್ಲನ್ನು ನೆನಪಿಗೆ ಅಂತ ಒಂದು ತಂದಿರ್ತೀವಿ, ಅದು ಬೇರೆ ಮಾತು. ಆದರೆ ‘ನಮ್ಮ ಕಡೆಯವರಿದ್ದಾರೆ, ಹೊಳೆಯಿಂದ ಒಂದು ಟೆಂಪೊ ಕಲ್ಲು ಹೊಡೆಸ್ತೀನಿ’ ಅನ್ನುವವರ ಮಾತಿಗೆ ಹೂಂ ಅನ್ನಬೇಡಿ. ಹೊಳೆಯ ಕಲ್ಲಿನ ಸಂದಿ ಮೀನು, ಏಡಿಗಳ ಮನೆ. ಮಳೆಗಾಲದ ನೀರಿನ ಓಟಕ್ಕೆ ತಡೆ ಕೊಟ್ಟು ದಡ ಕುಸಿಯದಂತೆ ಕಾಯುವುದೂ ಆ ಕಲ್ಲೇ. ಕಾನೂನೂ ಸುಮ್ಮನಿಲ್ಲ. ಕಟ್ಟಡದ ಕಲ್ಲು, ಗರಸು, ಮರಳು ಇವೆಲ್ಲ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಉಪಖನಿಜಗಳು. ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಹಾಗಾಗಿ ಕಲ್ಲು ಕೊಳ್ಳುವಾಗ ‘ಇದು ಎಲ್ಲಿಂದ ಬಂತು?’ ಅಂತ ಕೇಳಿ, ಬಿಲ್ ಕೇಳಿ. ತರಕಾರಿಯವನನ್ನು ಕೇಳಲ್ವಾ, ಹಾಗೆ. ಉತ್ತರ ಬರದಿದ್ದರೆ ಮುಂದಿನ ಅಂಗಡಿ ಇದ್ದೇ ಇದೆ.

ಇನ್ನೊಂದು ಮಾತು ಹಳ್ಳಿ ಕಡೆ ಸೈಟು, ತೋಟ ಮಾಡಿಕೊಂಡವರಿಗೆ. ಹೊಲದ ಬದುವಿನಲ್ಲಿ ಕತ್ತಿ ಹಿಡಿದ ವೀರನ ಚಿತ್ರ ಇರುವ ಕಲ್ಲು, ಅಕ್ಷರ ಕೆತ್ತಿದ ಕಲ್ಲು ಸಿಕ್ಕರೆ ‘ಆಂಟಿಕ್ ಪೀಸ್’ ಅಂತ ಗೇಟಿನ ಪಕ್ಕ ನಿಲ್ಲಿಸಬೇಡಿ. ಅದು ಆ ಊರಿನ ಚರಿತ್ರೆ. ಬೆಂಗಳೂರು ಅನ್ನುವ ಹೆಸರು 9ನೇ ಶತಮಾನದಲ್ಲೇ ಇತ್ತು ಅಂತ ನಮಗೆ ಗೊತ್ತಾದದ್ದು ಬೇಗೂರಿನ ಒಂದು ವೀರಗಲ್ಲಿನಿಂದ. ಅದನ್ನೂ ಯಾರಾದರೂ ಅಲಂಕಾರಕ್ಕೆ ಅಂತ ಹೊತ್ತೊಯ್ದಿದ್ದರೆ? ಇದ್ದ ಜಾಗದಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಯಾರೋ ಹರಕೆ ಹೊತ್ತು ಪ್ರತಿಷ್ಠೆ ಮಾಡಿದ ನಾಗರಕಲ್ಲಂತೂ ಮುಟ್ಟುವ ಮಾತೇ ಇಲ್ಲ.

ಲೆಕ್ಕ ಹಾಕಿ ಕೊಳ್ಳಿ

ಅಂಗಡಿಯವರು ‘ಇಷ್ಟು ಮೂಟೆ ಬೇಕಾಗುತ್ತೆ ಮೇಡಂ’ ಅಂದರೆ ತಲೆಯಾಡಿಸಬೇಡಿ. ಲೆಕ್ಕ ನೀವೇ ಹಾಕಬಹುದು. ಉದ್ದ, ಅಗಲವನ್ನು ಅಡಿಯಲ್ಲಿ ಗುಣಿಸಿ. ಎರಡಿಂಚು ದಪ್ಪ ಹಾಕುವುದಾದರೆ ಬಂದದ್ದನ್ನು ಆರರಿಂದ ಭಾಗಿಸಿ. ಅದೇ ಘನ ಅಡಿ. ಒಂದು ಘನ ಅಡಿ ಉರುಟುಕಲ್ಲು ಸುಮಾರು 42ರಿಂದ 45 ಕೆ.ಜಿ. ತೂಗುತ್ತೆ. ನಮ್ಮ 120 ಚದರಡಿಗೆ 20 ಘನ ಅಡಿ, ಅಂದರೆ 850 ಕೆ.ಜಿ.ಗೆ ಕಡಿಮೆಯಿಲ್ಲ. ಐವತ್ತು ಕೆ.ಜಿ.ಯ 17 ಮೂಟೆ!

ದೊಡ್ಡ ಬಂಡೆಯ ಆಸೆ ಇರುವವರಿಗೂ ಒಂದು ಲೆಕ್ಕ. ಒಂದಡಿ ಉದ್ದ, ಅಗಲ, ಎತ್ತರದ ಗ್ರಾನೈಟ್ ತುಂಡು ಸುಮಾರು 75 ಕೆ.ಜಿ. ಎರಡಡಿಯದಾದರೆ ಅದರ ದುಪ್ಪಟ್ಟಲ್ಲ, ಎಂಟು ಪಟ್ಟು, ಅಂದರೆ 600 ಕೆ.ಜಿ. ಗೇಟಿನಿಂದ ಮೂಲೆಗೆ ಅದನ್ನು ಯಾರು ಸಾಗಿಸ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ‘ಸ್ವಲ್ಪ ಆ ಕಡೆ ಇಟ್ಟಿದ್ರೆ ಚೆನ್ನಾಗಿತ್ತು’ ಅನ್ನುವ ಹಾಗಿಲ್ಲ.

ತಾರಸಿ ತೋಟದವರು ಇನ್ನೂ ಹುಷಾರಾಗಿರಬೇಕು. ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೆಚ್ಚುವರಿ ಭಾರ ಅಂತ ಲೆಕ್ಕ ಹಿಡಿದು ಕಟ್ಟುವುದು ವಾಡಿಕೆ. ಎರಡಿಂಚು ಕಲ್ಲು ಹಾಸಿದರೆ ಅದರಲ್ಲಿ ಅರ್ಧ ಕಲ್ಲಿಗೇ ಹೋಯಿತು. ಅದರ ಮೇಲೆ ಕುಂಡ, ಮಣ್ಣು, ನೀರು, ನಾವು. ಎಂಜಿನಿಯರನ್ನು ಕೇಳದೆ ತಾರಸಿಗೆ ಕಲ್ಲು ಹತ್ತಿಸಬೇಡಿ.

ಎಲ್ಲಿ ಯಾವುದು?

ನಾಲ್ಕು ಕಲ್ಲನ್ನು ಮಾಲೆ ಪೋಣಿಸಿದ ಹಾಗೆ ಸಾಲಾಗಿ ಇಡುವುದಕ್ಕಿಂತ ಒಂದು ದೊಡ್ಡದು, ಒಂದು ಮಧ್ಯಮ, ಒಂದು ಸಣ್ಣದು ಅಂತ ಮೂರನ್ನು ಗುಂಪಾಗಿಡಿ. ಮೂರೂ ಒಂದೇ ಜಾತಿಯವಾಗಿರಲಿ. ಪ್ರತಿ ಕಲ್ಲಿನ ಮೂರರಲ್ಲೊಂದು ಭಾಗ ಮಣ್ಣಿನೊಳಗೆ ಹೂತಿರಲಿ. ಆಗ ಅದು ಲಾರಿಯಿಂದ ಇಳಿಸಿದ ಹಾಗೆ ಕಾಣದೆ ನೆಲದಿಂದಲೇ ಎದ್ದ ಹಾಗೆ ಕಾಣುತ್ತೆ, ಮಕ್ಕಳು ಹತ್ತಿದರೂ ಉರುಳುವುದಿಲ್ಲ.

ಉರುಟುಕಲ್ಲಿಗೆ ಸರಿಯಾದ ಜಾಗ ಕಾಲು ಇಡದ ಜಾಗ. ಸೂರಿನ ನೀರು ಸುರಿಯುವ ಗೋಡೆಯಂಚಿಗೆ ಹಾಕಿ, ಕೆಸರು ಗೋಡೆಗೆ ಸಿಡಿಯುವುದಿಲ್ಲ. ನಲ್ಲಿಯ ಕೆಳಗೆ, ಇಂಗುಗುಂಡಿಯ ಮೇಲೆ ಹಾಕಿ. ನಡೆಯುವ ಕಡೆ ಅಗಲವಾದ ಚಪ್ಪಡಿ. ಬಾಗಿಲ ಮುಂದೆ ರಂಗೋಲಿಗೆ ಮಟ್ಟಸವಾದ ಒಂದು ಕಲ್ಲು. ಗಿಡದ ಬುಡಕ್ಕೆ ಒಣ ಎಲೆ, ತೆಂಗಿನ ನಾರು. ಕಲ್ಲು ಹಾಸಿದರೂ ಮಣ್ಣಿನ ತೇವ ಆರದಂತೆ ತಡೆಯುತ್ತೆ, ಸುಳ್ಳಲ್ಲ. ಆದರೆ ಎಲೆ ಕೊಳೆತು ಗೊಬ್ಬರವಾಗುತ್ತೆ, ಕಲ್ಲು ಆಗಲ್ಲ.

ಇನ್ನು ಕೆಲವು ಎಚ್ಚರಿಕೆಗಳು:

* ಅಂಬೆಗಾಲಿಡುವ ಮಗು ಮನೆಯಲ್ಲಿದ್ದರೆ ಎರಡಿಂಚಿಗಿಂತ ಸಣ್ಣ ಕಲ್ಲು ಬೇಡ. ಕೈಗೆ ಸಿಕ್ಕಿದ್ದು ಬಾಯಿಗೆ ಹೋಗುತ್ತೆ, ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

* ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿ ಪೊಟರೆ ಬಿಡಬೇಡಿ. ಊರ ಹೊರಗಿನ ಬಡಾವಣೆಗಳಲ್ಲಿ ಚೇಳು, ಹಾವಿಗೆ ಅದು ಒಳ್ಳೇ ಜಾಗ. ಸಂದಿಗೆ ಮಣ್ಣು ತುಂಬಿ ಗಿಡ ನೆಡಿ.

* ಹಕ್ಕಿಗೆ ನೀರಿಟ್ಟ ಒರಳನ್ನು ಎರಡು-ಮೂರು ದಿನಕ್ಕೊಮ್ಮೆ ಉಜ್ಜಿ ಬೇರೆ ನೀರು ಹಾಕಿ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರ, ಹತ್ತು ದಿನ ಸಾಕು.

* ‘ಕಲ್ಲು ಹಾಕಿದ್ರೆ ಕೆಲಸವೇ ಇರಲ್ಲ’ ಅನ್ನುವ ಮಾತು ನಂಬಬೇಡಿ. ಎಲೆ ಬೀಳುತ್ತೆ, ದೂಳು ಕೂರುತ್ತೆ, ಆ ದೂಳಿನಲ್ಲೇ ಕಳೆ ಹುಟ್ಟುತ್ತೆ. ಮರದ ಕೆಳಗಂತೂ ಉರುಟುಕಲ್ಲು ಬೇಡವೇ ಬೇಡ. ಪೊರಕೆಗೆ ಎಲೆಯ ಜೊತೆ ಕಲ್ಲೂ ಬರುತ್ತೆ.

ಹೆಜ್ಜೆ ಗುರುತು

ನಮ್ಮನೆಯಲ್ಲಿ ಮುಂದೇನು ಮಾಡಿದೆವು ಅಂತ ಕೇಳ್ತೀರಲ್ಲ? ಮೂಟೆ ಕಲ್ಲನ್ನೆಲ್ಲ ಬಾಚಿ ತೆಗೆದು, ಪ್ಲಾಸ್ಟಿಕ್ ಕಿತ್ತೆವು. ಅಡಿಯಲ್ಲಿ ಮಣ್ಣು ಗಟ್ಟಿಯಾಗಿ ವಾಸನೆ ಬರುತ್ತಿತ್ತು. ಒಂದು ಎರೆಹುಳ ಕಾಣಲಿಲ್ಲ. ಆ ಕಲ್ಲಿನಲ್ಲಿ ಅರ್ಧ ಗೋಡೆಯಂಚಿಗೆ ಹೋಯಿತು, ಉಳಿದದ್ದು ಇಂಗುಗುಂಡಿಗೆ. ಪುಣ್ಯಕ್ಕೆ ದುಡ್ಡು ಪೂರ್ತಿ ನೀರುಪಾಲಾಗಲಿಲ್ಲ. ಸೊಪ್ಪಿನ ಗೊಬ್ಬರ ಹಾಕಿ, ಮಣ್ಣು ಸಡಿಲ ಮಾಡಿ, ಹೊಸ ಮಲ್ಲಿಗೆ ನೆಟ್ಟೆವು.

ಆಮೇಲೆ ಹೆಜ್ಜೆಗಲ್ಲು. ಮೇಸ್ತ್ರಿ ಅವರ ಲೆಕ್ಕದಲ್ಲಿ ಎರಡಡಿಗೆ ಒಂದು ಅಂತ ಇಡಲು ಹೊರಟರು. ನಾನು ಬೇಡ ಅಂದೆ. ಅತ್ತೆಯವರ ಕೈ ಹಿಡಿದು ಮೆಟ್ಟಿಲಿಂದ ಮಲ್ಲಿಗೆ ಗಿಡದವರೆಗೆ, ಅಲ್ಲಿಂದ ತುಳಸಿಕಟ್ಟೆಯವರೆಗೆ ನಿಧಾನಕ್ಕೆ ನಡೆಸಿದೆ. ಅವರ ಪಾದ ಬಿದ್ದಲ್ಲೆಲ್ಲ ಮಗಳು ಹಿಂದಿನಿಂದ ರಂಗೋಲಿ ಪುಡಿಯ ಗುರುತು ಹಾಕುತ್ತಾ ಬಂದಳು. ಟೇಪಿನಲ್ಲಿ ಅಳೆದರೆ ಹೆಜ್ಜೆಗೂ ಹೆಜ್ಜೆಗೂ ಹದಿನಾಲ್ಕೇ ಇಂಚು. ಆ ಗುರುತಿನ ಮೇಲೇ ಎರಡಿಂಚು ಮರಳು ಹಾಸಿ, ಎರಡಿಂಚು ದಪ್ಪದ ಒರಟು ಚಪ್ಪಡಿ ಕೂರಿಸಿದೆವು. ಕಲ್ಲು ಅಲುಗಾಡದ ಹಾಗೆ ಸುತ್ತ ಮಣ್ಣು ಒತ್ತಿದೆವು. ಒಟ್ಟು ಒಂಬತ್ತು ಕಲ್ಲು, ಮಧ್ಯೆ ಮಧ್ಯೆ ಗರಿಕೆ.

ನೋಡಿದವರು ಈಗ ಫೋಟೊ ತೆಗೆದುಕೊಳ್ಳುವುದಿಲ್ಲ. ‘ಕಲ್ಲು ಯಾಕೆ ಇಷ್ಟು ಹತ್ತಿರ ಹತ್ತಿರ?’ ಅಂತ ಕೇಳುವವರೂ ಇದ್ದಾರೆ. ಗಣೇಶನ ಹಬ್ಬಕ್ಕೆ ಗರಿಕೆ ಮಾತ್ರ ಅಲ್ಲೇ ಸಿಗುತ್ತೆ. ಬೆಳಿಗ್ಗೆ ಆರೂವರೆಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಅತ್ತೆ ಬುಟ್ಟಿ ಹಿಡಿದು ಗಿಡದ ಹತ್ತಿರ ನಿಂತಿರ್ತಾರೆ.

ನೀವೂ ಅಂಗಳಕ್ಕೆ ಕಲ್ಲು ಹಾಕಿಸುವ ಯೋಚನೆಯಲ್ಲಿದ್ದರೆ, ಅಂಗಡಿಗೆ ಹೋಗುವ ಮೊದಲು ನಿಮ್ಮನೆಯ ಹಿರಿಯರನ್ನು ಒಮ್ಮೆ ಅಲ್ಲಿ ಬರಿಗಾಲಲ್ಲಿ ನಡೆಸಿ ನೋಡಿ. ಯಾವ ಕಲ್ಲು, ಎಲ್ಲಿ, ಎಷ್ಟು ಅಂತ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಏನಂತೀರಿ?